ಕೇಶಿರಾಜ

ಕೇಶಿರಾಜ (ಸು. ಕ್ರಿ.ಶ. 1260) ಹಳಗನ್ನಡದ ಪ್ರಸಿದ್ಧ ವೈಯಾಕರಣ ಹಾಗೂ ಕವಿ. ಕನ್ನಡ ಭಾಷೆಗೆ ಕನ್ನಡದಲ್ಲಿಯೇ ರಚಿತವಾಗಿ ಪೂರ್ಣರೂಪದಲ್ಲಿ ದೊರೆತಿರುವ ಹಳೆಯ ವ್ಯಾಕರಣವಾದ ‘ಶಬ್ದಮಣಿದರ್ಪಣ’ದ ಕರ್ತೃ. ಹೊಯ್ಸಳರ ಆಳ್ವಿಕೆಯ ಕೊನೆಯ ಘಟ್ಟದಲ್ಲಿ, ಅಂದರೆ ಹಳಗನ್ನಡವು ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿ ನಡುಗನ್ನಡ ತಲೆಯೆತ್ತಿದ್ದ ಕಾಲದಲ್ಲಿ, ಈತನು ತನಗಿಂತ ಮುನ್ನೂರು ನಾನೂರು ವರ್ಷ ಹಿಂದಿನ ಕವಿಗಳ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು ಸೂತ್ರಗಳನ್ನು ಹೆಣೆದನು. ಹಳೆಯ ಕಾವ್ಯಗಳಲ್ಲಿ ಸಾಧುವೆನಿಸಿದ್ದ ರೂಪಗಳನ್ನು ಅಸಾಧುವೆನ್ನದೆ, ಹೊಸದಾಗಿ ಬರೆಯುವವರಲ್ಲಿ ಅರ್ಥಸಂದಿಗ್ಧತೆ ಬೆಳೆಯದಂತೆ ತಡೆಯುವುದು ಅವನ ಮುಂದಿದ್ದ ಮುಖ್ಯ ಸಮಸ್ಯೆಯಾಗಿತ್ತು.

ಕಾಲ ಮತ್ತು ಮನೆತನ

ಕೇಶಿರಾಜನ ತಂದೆ ಮಲ್ಲಿಕಾರ್ಜುನ. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, ಸುಮಾರು 1245ರಲ್ಲಿ, ‘ಸೂಕ್ತಿಸುಧಾರ್ಣವ’ವೆಂಬ ಪದ್ಯಸಂಕಲನವನ್ನು ಸಿದ್ಧಪಡಿಸಿದವನು ಈತನೇ. ಹಿಂದಿನ ಕಾವ್ಯಗಳಿಂದ ಆಯ್ದ ಪದ್ಯಗಳನ್ನು ವರ್ಣನೆಯ ವಿಷಯಗಳಿಗನುಸಾರವಾಗಿ ಈ ಗ್ರಂಥದಲ್ಲಿ ಅಡಕಮಾಡಲಾಗಿದೆ. ತಾಯಿಯ ಕಡೆಯಿಂದ ಕೇಶಿರಾಜನು ಸುಮನೋಬಾಣನೆಂಬ ಬಿರುದುಳ್ಳ ವಿದ್ವಾಂಸನ ಮೊಮ್ಮಗ. ಸುಮನೋಬಾಣನ ಮಗನಾದ ಕವಿ ಜನ್ನ ಅವನಿಗೆ ಸೋದರಮಾವ. ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ರಚಿಸಿದನು.

ಹೀಗೆ ಹಳೆಯ ಪದ್ಯಗಳ ಸಂಗ್ರಹಕಾರನೊಬ್ಬ ತಂದೆಯಾಗಿ, ಹೆಸರಾಂತ ಕವಿಯೊಬ್ಬ ಮಾವನಾಗಿ ಇದ್ದ ಮನೆಯಲ್ಲಿ ಕೇಶಿರಾಜನು ಬೆಳೆದನು. ಲಕ್ಷಣವನ್ನು ಹೇಳುವುದಕ್ಕೆ ಬೇಕಾದ ಲಕ್ಷ್ಯಸಾಮಗ್ರಿ ಅವನಿಗೆ ಮನೆಯಲ್ಲಿಯೇ ಒದಗಿದ್ದಿತೆಂದು ಭಾವಿಸಬಹುದು.

ಕೃತಿಗಳು

ಚೋಳಪಾಲಕ ಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಕೃತಿಗಳನ್ನು ತಾನು ರಚಿಸಿದುದಾಗಿ ಕೇಶಿರಾಜನೇ ತಿಳಿಸಿದ್ದಾನೆ. ಇವುಗಳಲ್ಲಿ ಯಾವುದೂ ಉಪಲಬ್ಧವಿಲ್ಲ. ಕವಿಯಾಗಿ ಅವನ ಸ್ಥಾನವೇನೆಂಬುದನ್ನು ನಿರ್ಣಯಿಸಲು ಆದ್ದರಿಂದ ಆಧಾರ ಸಾಲದು. ಅವನ ಕೀರ್ತಿಯೆಲ್ಲ ಶಬ್ದಮಣಿದರ್ಪಣವೊಂದರ ಮೇಲೆ ನಿಂತಿದೆ.

ಅಂದಿನ ಭಾಷಾಸ್ಥಿತಿ

ಹಳಗನ್ನಡ ಕಾವ್ಯಭಾಷೆಯ ತಿರುಳು ನೆಲೆಗೊಂಡಿದ್ದುದು ಉತ್ತರದಲ್ಲಿ. ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ), ಒಕ್ಕುಂದ ಇವುಗಳ ನಡುವಣ ನಾಡನ್ನು ‘ಕವಿರಾಜಮಾರ್ಗ’ವು (ಸು. 850) ಕನ್ನಡದ ತಿರುಳೆಂದು ಗುರುತಿಸುತ್ತದೆ. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವಿರುವ ಕುಕನೂರು ಈ ಸೀಮೆಗೆ ಸೇರಿದ ಊರು. ಅದರ ಸಮೀಪದ ಇಟಗಿಯಲ್ಲಿ ಮಹಾದೇವ ದೇವಾಲಯ ನಿರ್ಮಾಣವಾದದ್ದು 1112ರಲ್ಲಿ. ಇದೇ ಸುಮಾರಿಗೆ ಗದುಗಿನ ಬಳಿಯ ಮುಳುಗುಂದದಲ್ಲಿ ನಯಸೇನನು ‘ಧರ್ಮಾಮೃತ’ವನ್ನು ಬರೆದು, ಕನ್ನಡಕ್ಕೆ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದನು. ಕೇಶಿರಾಜನು ಸೂತ್ರ ಬರೆದದ್ದು ಈ ತಿರುಳುನಾಡಿನಿಂದ ಬಹುದೂರದ ಹೊಯ್ಸಳ ಸೀಮೆಯ ಪರಿಸರದಲ್ಲಿ. ಅವನು ನಿಯಮಿಸಲು ಹೊರಟ ಭಾಷೆಯು ದೇಶದಿಂದಲೂ ಕಾಲದಿಂದಲೂ ಅವನ ಸುತ್ತಲಿನವರ ಮಾತಿಗಿಂತ ಬೇರೆಯಾಗಿತ್ತು.

ಹದಿಮೂರನೆಯ ಶತಮಾನದ ವೇಳೆಗೆ ಭಾಷೆಯಲ್ಲಿ ದೊಡ್ಡ ಪಲ್ಲಟಗಳು ನಡೆದಿದ್ದವು. ಪದಾದಿಯ ಪಕಾರವು ಹಕಾರವಾಗಿ ಪಾಲ್ ಎಂಬುದು ಹಾಲು ಆಗುತ್ತಿತ್ತು. ವ್ಯಂಜನಾಂತ ಪದಗಳು ಉಕಾರವನ್ನು ತಳೆದು ಕಣ್ ಎಂಬುದು ಕಣ್ಣು ಎಂದಾಗಿತ್ತು. ೞಕಾರವು ಸ್ವರಗಳ ನಡುವೆ ಳಕಾರದಲ್ಲಿ ಸೇರಿಹೋಗಿ, ವ್ಯಂಜನದ ಮುಂದೆ ರೇಫೆಯಾಗಿ ಬದಲಾಗಿತ್ತು. ಪೊೞ್ತು ಎಂಬ ಪದ ಪೊರ್ತು ಆಗಿ, ಕಡೆಗೆ ಹೊತ್ತು ಆದದ್ದು ಹೀಗೆ.

ಈ ಪಲ್ಲಟಕ್ಕೆ ಕವಿಗಳು ಒಂದೇ ಬಗೆಯಾಗಿ ಸ್ಪಂದಿಸಲಿಲ್ಲ. ಹರಿಹರನು ಱಳ, ಕುಳ, ಕ್ಷಳಗಳ ಭೇದವನ್ನು ಬದಿಗೊತ್ತಿ ತನ್ನ ಕಾಲದ ನುಡಿಗೆ ಹತ್ತಿರವಾದ ರಗಳೆಗಳನ್ನು ಬರೆದನು. ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನೇ ಹೊರಗಿಟ್ಟು, ದೇಶ್ಯ ಮತ್ತು ತದ್ಭವಗಳಲ್ಲಿ ‘ಕಬ್ಬಿಗರ ಕಾವ’ವನ್ನು ರಚಿಸಿದನು. ವಚನಕಾರರಿಗಂತೂ ಹಳೆಯ ಛಂದಸ್ಸಿನ ಕಟ್ಟೇ ಇರಲಿಲ್ಲ. ಹಳೆಯ ರೂಪಗಳ ಬಗೆಗಿನ ಚರ್ಚೆಯೂ ಹೊಸದಾಗಿರಲಿಲ್ಲ. ಪಳಗನ್ನಡದ ಪ್ರಯೋಗಗಳು ಪುರಾತನ ಕಾವ್ಯಗಳಲ್ಲಿ ಸೊಗಸಿದರೂ ಈಗ ಬರೆಯುವವರಿಗೆ ಸಲ್ಲವೆಂಬ ನಿಲುವನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ತಳೆದಿತ್ತು.

ಶಬ್ದಮಣಿದರ್ಪಣ

ಈ ಗ್ರಂಥವು ಕಂದಪದ್ಯಗಳ ರೂಪದ 300ಕ್ಕೂ ಹೆಚ್ಚು ಸೂತ್ರಗಳನ್ನೂ, ಅವಕ್ಕೆ ಕೇಶಿರಾಜನೇ ಬರೆದ ಗದ್ಯವೃತ್ತಿಯನ್ನೂ, ಹಳೆಯ ಕಾವ್ಯಗಳಿಂದ ತೆಗೆದ ಉದಾಹರಣೆಗಳನ್ನೂ ಒಳಗೊಂಡಿದೆ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿದ್ದು, ಕೊನೆಗೆ ಪ್ರಯೋಗಸಾರವಿದೆ. ಕೇಶಿರಾಜನಿಗಿಂತ ಮೊದಲೇ ಎರಡನೆಯ ನಾಗವರ್ಮನು ‘ಕಾವ್ಯಾವಲೋಕನ’ದ ಶಬ್ದಸ್ಮೃತಿ ಭಾಗದಲ್ಲಿಯೂ, ಸಂಸ್ಕೃತ ಸೂತ್ರಗಳ ‘ಕರ್ಣಾಟಕ ಭಾಷಾಭೂಷಣ’ದಲ್ಲಿಯೂ ಕನ್ನಡಕ್ಕೆ ವ್ಯಾಕರಣ ಹೇಳಿದ್ದನು. ಕೇಶಿರಾಜನು ಅವನಿಗೆ ಬಹಳಮಟ್ಟಿಗೆ ಋಣಿ. ಆದರೆ ವಿಸ್ತಾರದಲ್ಲಿಯೂ ಉದಾಹರಣೆಗಳ ಸಮೃದ್ಧಿಯಲ್ಲಿಯೂ ಅವನನ್ನು ಮೀರಿದ್ದಾನೆ.

ಯಾವ ಪ್ರಯೋಗ ಪ್ರಮಾಣವೆಂಬುದನ್ನು ಅವನು ಆರಂಭದಲ್ಲಿಯೇ ಗೊತ್ತುಪಡಿಸುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಇವರ ಮಾರ್ಗವೇ ತನ್ನ ಗ್ರಂಥಕ್ಕೆ ಲಕ್ಷ್ಯವೆನ್ನುತ್ತಾನೆ. ಪಂಪ, ಪೊನ್ನರು ಹತ್ತನೆಯ ಶತಮಾನದವರು. ಶ್ರೀವಿಜಯ, ಅಸಗರು ಅದಕ್ಕೂ ಹಿಂದಿನವರು. ಈ ಪಟ್ಟಿಯಲ್ಲಿನ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕಾವ್ಯಗಳು ಇಂದು ಸಿಕ್ಕಿಲ್ಲ. ಅಸಗನ ಕನ್ನಡ ಕೃತಿಗಳೂ ಮೊದಲನೆಯ ಗುಣವರ್ಮನ ಕಾವ್ಯಗಳೂ ನಷ್ಟವಾಗಿವೆ. ಉದಾಹರಣೆಯೆಂದು ವೃತ್ತಿಯಲ್ಲಿ ಸೇರಿದ ಬಿಡಿಪದ್ಯಗಳಲ್ಲಿ ಅನೇಕವು ಬೇರೆಲ್ಲಿಯೂ ಉಳಿದಿಲ್ಲ. ಆದರೆ ಹೆಚ್ಚಿನ ಕಡೆ ಅವನು ಕವಿಯ ಹೆಸರನ್ನು ಹೇಳುವುದಿಲ್ಲ. ಸಾಹಿತ್ಯಚರಿತ್ರಕಾರರಿಗೆ ಇದು ದೊಡ್ಡ ಕೊರತೆ.

ಕನ್ನಡಕ್ಕೆ ಅಸಾಧಾರಣವಾದ ಲಕ್ಷಣಗಳು ಯಾವುವೆಂದೂ ಅವನು ಒಂದೆಡೆ ಎಣಿಸುತ್ತಾನೆ. ಗಮಕಸಮಾಸ, ಱಳ-ಕುಳ-ಕ್ಷಳಗಳ ಭೇದ, ಕಿವಿಗೆ ಒಪ್ಪುವಂತೆ ಮಾಡುವ ಶ್ರುತಿಸಹ್ಯ ಸಂಧಿ, ಸತಿಸಪ್ತಮಿ, ಸಮಸಂಸ್ಕೃತ, ವಕಾರಾದೇಶ, ಶಿಥಿಲದ್ವಿತ್ವ ಮೊದಲಾದವು ಆ ಎಣಿಕೆಯಲ್ಲಿ ಬರುತ್ತವೆ. ಈ ಪಟ್ಟಿಯಲ್ಲಿ ಹೆಚ್ಚಿನವು ಒಂದೇ ಬರೆಹವನ್ನು ಎರಡು ಬಗೆಯಾಗಿ ಓದಲು ಎಡೆಯಿರುವ ಸ್ಥಳಗಳೆಂಬುದು ಗಮನಾರ್ಹ.

ವರ್ಣಮಾಲೆ ಮತ್ತು ೞಕಾರ

ಸಂಸ್ಕೃತದ ಅಕ್ಷರಗಳಿಗೆ ಎ, ಒ, ಱ, ೞ, ಳ ಎಂಬ ಐದು ದೇಶೀಯಾಕ್ಷರಗಳನ್ನು ಸೇರಿಸಿ, ಕನ್ನಡಕ್ಕೆ ಬೇಡವಾದ ಹತ್ತನ್ನು ಕಳೆದು, ಅಚ್ಚಗನ್ನಡದ ಅಕ್ಷರಗಳು 47 ಎಂದು ಕೇಶಿರಾಜನು ನಿರ್ಣಯಿಸಿದನು. ಋಕಾರ, ಶಕಾರ, ಷಕಾರ, ವಿಸರ್ಗಗಳು ಕಳೆದ ಹತ್ತರಲ್ಲಿ ಸೇರುತ್ತವೆ.

ಅವನು ಹೆಚ್ಚು ಶ್ರಮವಹಿಸಿದ್ದು ಮೂರು ಬಗೆಯ ಳಕಾರಗಳ ವಿಚಾರದಲ್ಲಿ. ೞಕಾರಕ್ಕೆ ಱಳವೆಂದು ಹೆಸರು. ಕನ್ನಡದ ಸಹಜವಾದ ಳಕಾರ ಕುಳ. ಸಂಸ್ಕೃತದ ಲಕಾರವು ಳಕಾರವಾಗಿ ಬಂದರೆ, ಉದಾಹರಣೆಗೆ ಕಮಲವು ಕಮಳವಾದರೆ, ಅದು ಕ್ಷಳ. ಬಾಯಿಮಾತಿನಲ್ಲಿ ೞ ಮತ್ತು ಳ ಒಂದಾದಾಗ ಬೇರೆ ಬೇರೆ ಅರ್ಥದ ಪದಗಳು ಒಂದೇ ರೂಪಕ್ಕೆ ಬಂದುವು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಆಳುವುದು ಅಥವಾ ಸೇವಕ. ಱ ಮತ್ತು ರಗಳ ವಿಷಯದಲ್ಲಿಯೂ ಹೀಗೆಯೇ: ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಹಳೆಯ ಕಾವ್ಯದ ಪ್ರತಿಯನ್ನು ನಕಲುಮಾಡುವ ಲಿಪಿಕಾರನಿಗೆ ಈ ಭೇದ ಕಿವಿಯಿಂದ ತಿಳಿಯುವಂತಿರಲಿಲ್ಲ. ೞ ಇರಬೇಕಾದೆಡೆ ಳ ಬರೆಯುವುದೂ, ಹಳಮೆಯ ಸೊಗಡಿಗಾಗಿ ಳ ಇರಬೇಕಾದೆಡೆ ೞ ಹಾಕುವುದೂ ನಡೆಯುತ್ತಿತ್ತು.

ಇಲ್ಲಿ ಎರಡು ಸುಲಭದ ದಾರಿಗಳಿದ್ದವು. ಹರಿಹರನಂತೆ ಭೇದವನ್ನೇ ಕೈಬಿಡಬಹುದಿತ್ತು. ಹಾಗೆ ಮಾಡಿದರೆ ಪಂಪನ ಪದ್ಯಗಳಲ್ಲಿನ ದ್ವಿತೀಯಾಕ್ಷರ ಪ್ರಾಸದ ನಿಯಮವು ಓದುಗರಿಗೆ ಅರ್ಥವಾಗುತ್ತಿರಲಿಲ್ಲ, ಪದಾರ್ಥವೂ ಕೆಲವೆಡೆ ತಪ್ಪುತ್ತಿತ್ತು. ಇಲ್ಲವೇ, ೞಕಾರ ಎಲ್ಲಿ ಬರುತ್ತದೆಂಬುದಕ್ಕೆ ಒಂದು ಸಾಮಾನ್ಯ ಸೂತ್ರವನ್ನು ಕಲ್ಪಿಸಬಹುದಿತ್ತು. ಮೂಲದಲ್ಲಿಯೇ ಬೇರೆಯಾದ ಧ್ವನಿಗಳಿಗೆ ಅಂತಹ ಸೂತ್ರ ಸಾಧ್ಯವಿಲ್ಲ. ಕೇಶಿರಾಜನು ಮೂರನೆಯದನ್ನು ಮಾಡಿದನು. ಹಳೆಯ ಕವಿಪ್ರಯೋಗಗಳನ್ನು ಶೋಧಿಸಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿಕೊಟ್ಟನು. ಪಟ್ಟಿಯಲ್ಲಿದ್ದುದು ಱಳ, ಇಲ್ಲದ್ದು ಕುಳ. ಸೂತ್ರಕಾರನಿಗೆ ಪಟ್ಟಿ ಎಂಬುದು ಸೊಬಗಿನ ಸಾಧನವಲ್ಲ. ಆದರೆ ಅದು ಹಳೆಯ ಪದ್ಯವೊಂದನ್ನೂ ಕೆಡಿಸುವುದಿಲ್ಲ, ಹೊಸಬನಿಗೆ ಊಹೆಗೆ ಎಡೆಯನ್ನೂ ಕೊಡುವುದಿಲ್ಲ. ಧಾತುಪಾಠವನ್ನು ಅಂತ್ಯವ್ಯಂಜನಗಳ ಕ್ರಮದಲ್ಲಿ ಜೋಡಿಸಿ ಕೊಟ್ಟಿರುವುದಕ್ಕೂ ಇದೇ ಬಗೆಯ ಪ್ರಯೋಜನವಿದೆ.

ಅರಿಸಮಾಸ

ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡುವುದು ಅರಿಸಮಾಸ, ಅಂದರೆ ಹಗೆಯಂತಹ ಸಮಾಸ. ಕವಿರಾಜಮಾರ್ಗಕಾರನು ಇದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಆಕ್ಷೇಪಿಸಿದ್ದನು. ಆಕ್ಷೇಪಕ್ಕೆ ಕೇವಲ ರುಚಿ ಕಾರಣವೆಂದು ತಿಳಿಯಬೇಕಾಗಿಲ್ಲ. ಕನ್ನಡ ಸಮಾಸದಲ್ಲಿ ಉತ್ತರಪದದ ಆದಿಯ ಕ, ತ, ಪಗಳು ಗ, ದ, ಬಗಳಾಗುತ್ತವೆ: ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಸಂಸ್ಕೃತ ಸಮಾಸಕ್ಕೆ ಬೇರೆಯೇ ಸಂಧಿನಿಯಮಗಳು. ಎರಡೂ ಬೆರೆತ ಪದವನ್ನು ಯಾವ ನಿಯಮದಿಂದ ಬಿಡಿಸಬೇಕೆಂಬುದು ಓದುಗನಿಗೆ ನಿಶ್ಚಿತವಾಗುವುದಿಲ್ಲ.

ಆದರೆ ಅಂತಹ ಸಮಾಸಗಳು ಹಿಂದಿನ ಕಾವ್ಯಗಳಲ್ಲಿಯೂ ಅರಸರ ಬಿರುದುಗಳಲ್ಲಿಯೂ ಆಗಲೇ ಇದ್ದವು. ಬಿರುದುಗಳಂತೂ ಶಾಸನಗಳಲ್ಲಿ ಕಲ್ಲಿನ ಮೇಲೆ ಕೊರೆದಿದ್ದವು. ಅವನ್ನು ತಪ್ಪೆನ್ನುವ ವ್ಯಾಕರಣವನ್ನು ಯಾರೂ ಒಪ್ಪುತ್ತಿರಲಿಲ್ಲ. ಕೇಶಿರಾಜನು ಅರಿಸಮಾಸವನ್ನು ಸಾಮಾನ್ಯವಾಗಿ ನಿಷೇಧಿಸಿ, ಬಿರುದಾವಳಿಗಳಲ್ಲಿ ಬಂದವಕ್ಕೂ ಪೂರ್ವಕವಿಗಳು ಪ್ರಯೋಗಿಸಿದವಕ್ಕೂ ವಿನಾಯಿತಿ ಕೊಟ್ಟನು. ಇದ್ದುದು ಉಳಿಯುತ್ತದೆ, ಅದರ ಮಾದರಿಯಲ್ಲಿ ಹೊಸದನ್ನು ಕಟ್ಟುವಂತಿಲ್ಲ. ಗಮಕಸಮಾಸ, ಕ್ರಿಯಾಸಮಾಸಗಳಿಗೆ ಈ ದೋಷ ತಗಲುವುದಿಲ್ಲವೆಂಬುದೂ ಕನ್ನಡ ವ್ಯಾಕರಣ ಸಂಪ್ರದಾಯದಲ್ಲಿ ಒಪ್ಪಿತವಾಗಿದೆ. ಶಾಲಾವ್ಯಾಕರಣಗಳಲ್ಲಿ ಇಂದಿಗೂ ಕಲಿಸುವ ಅರಿಸಮಾಸದ ಪಾಠ ಇದರಿಂದಲೇ ಇಳಿದುಬಂದಿದೆ.

ಶಿಥಿಲದ್ವಿತ್ವ ಮತ್ತು ಲಿಂಗವಿಚಾರ

ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಛಂದಸ್ಸಿನ ಸಾಮಾನ್ಯ ನಿಯಮ. ಕುಳಿರ್ಗಾಳಿ, ಅಮರ್ದು ಮೊದಲಾದ ಕನ್ನಡ ಪದಗಳಲ್ಲಿ ಆ ಒತ್ತನ್ನು ತೇಲಿಸಿ ಉಚ್ಚರಿಸಿದಾಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಇದೇ ಶಿಥಿಲದ್ವಿತ್ವ. ಹಳೆಯ ಕವಿಗಳು ಇದನ್ನು ಧಾರಾಳವಾಗಿ ಬಳಸಿದ್ದಾರೆ. ಬರೆಹದಲ್ಲಿ ಮಾತ್ರ ಶಿಥಿಲಕ್ಕೂ ಸಾಮಾನ್ಯ ದ್ವಿತ್ವಕ್ಕೂ ಯಾವ ಗುರುತಿನ ವ್ಯತ್ಯಾಸವೂ ಇಲ್ಲ. ಮಾತ್ರೆಗಳನ್ನು ಎಣಿಸಿಯೇ ತಿಳಿಯಬೇಕು. ನಿಯಮವನ್ನು ಬಿಗಿಗೊಳಿಸಿದ್ದರೆ ಪಂಪನ ಕಾಲದ ಎಷ್ಟೋ ಪದ್ಯಗಳು ಛಂದೋಭಂಗದ ದೋಷಕ್ಕೆ ಗುರಿಯಾಗುತ್ತಿದ್ದವು. ಕೇಶಿರಾಜನು ಅದನ್ನು ಕನ್ನಡದ ವಿಶೇಷವೆಂದೇ ಪರಿಗಣಿಸಿ, ಎಂತಹ ಪದಗಳಲ್ಲಿ ಶಿಥಿಲ ಸಲ್ಲುತ್ತದೆಂಬುದನ್ನು ಉದಾಹರಣೆಗಳಿಂದ ಖಚಿತಪಡಿಸಿದನು.

ಲಿಂಗವಿಚಾರದಲ್ಲಿ ಅವನ ವಿಭಾಗಗಳು ಒಂಬತ್ತು. ಸೂರ್ಯ, ಚಂದ್ರ ಮೊದಲಾದ ಪದಗಳು ಪುಲ್ಲಿಂಗದ ಕ್ರಿಯಾಪದವನ್ನೂ ನಪುಂಸಕದ ಕ್ರಿಯಾಪದವನ್ನೂ ಪಡೆಯಬಲ್ಲವಾದ್ದರಿಂದ ಅವಕ್ಕೆ ಪುನ್ನಪುಂಸಕವೆಂಬ ಪ್ರತ್ಯೇಕ ವರ್ಗವನ್ನೇ ಮಾಡಿದನು. ಎರಡು ರೂಢಿಗಳಲ್ಲಿ ಒಂದನ್ನು ಕಡಿಯುವ ಗೋಜಿಗೆ ಹೋಗಲಿಲ್ಲ. ವಿಭಾಗ ಅತಿಯಾಯಿತೆಂದು ಅನಿಸಬಹುದು. ಪ್ರಯೋಗಕ್ಕೆ ಅದು ನಿಷ್ಠವಾಗಿದೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ವಚನದ ವಿಷಯದಲ್ಲಿ ಏಕವಚನ, ಬಹುವಚನಗಳೆರಡೇ ಕನ್ನಡದ ಸಹಜವಾದ ವಚನಗಳೆಂದು ಗುರುತಿಸಿದ ಅವನು, ವಿಭಕ್ತಿಗಳಲ್ಲಿ ಸಂಸ್ಕೃತದ ಏಳರ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡನು. ಪಂಚಮಿಗೆ ಕನ್ನಡದಲ್ಲಿ ಸ್ವತಂತ್ರ ಸ್ಥಾನವಿದೆಯೇ ಎಂಬ ಚರ್ಚೆ ಆಧುನಿಕ ಭಾಷಾವಿಜ್ಞಾನಿಗಳಲ್ಲಿ ನಡೆದಿದೆ.

ಗಣಕಭಾಷೆಗಳೊಡನೆ ಹೋಲಿಕೆ

ಕೇಶಿರಾಜನು ಎದುರಿಸಿದ ಸಮಸ್ಯೆಯನ್ನು ಇಂದಿನ ವಿದ್ಯಾರ್ಥಿಗಳು ಗಣಕದ ಪ್ರೋಗ್ರಾಮಿಂಗ್ ಭಾಷೆಗಳ ವಿನ್ಯಾಸದಲ್ಲಿ ಮತ್ತೆ ಕಾಣುತ್ತಾರೆ. ಅಲ್ಲಿ ಈಗಾಗಲೇ ಬರೆದಿಟ್ಟ ಪ್ರೋಗ್ರಾಂಗಳು ಪೂರ್ವಕವಿಪ್ರಯೋಗಗಳ ಸ್ಥಾನದಲ್ಲಿರುತ್ತವೆ. ಭಾಷೆಯ ನಿಯಮ ಬದಲಾದರೂ ಅವು ಮೊದಲಿನಂತೆಯೇ ನಡೆಯಬೇಕು. ಇದನ್ನು ಹಿಮ್ಮುಖ ಹೊಂದಾಣಿಕೆ ಎನ್ನುತ್ತಾರೆ. ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚೀ ರೂಪಿಸಿದ ‘ಸಿ’ ಭಾಷೆ ಇದಕ್ಕೆ ಪ್ರಸಿದ್ಧ ನಿದರ್ಶನ. ಒಂದು ಚರದ ಬೆಲೆಯಿಂದ ಇನ್ನೊಂದನ್ನು ಕಳೆಯಲು ಮೊದಲು =- ಎಂಬ ಚಿಹ್ನೆಯಿತ್ತು. ಆಗ ಕ=-1 ಎಂದು ಬರೆದರೆ ‘ಕ’ದಿಂದ ಒಂದನ್ನು ಕಳೆಯಬೇಕೋ ಅಥವಾ ‘ಕ’ಕ್ಕೆ ಋಣ ಒಂದರ ಬೆಲೆ ಕೊಡಬೇಕೋ ಎಂಬ ಸಂದಿಗ್ಧ ಹುಟ್ಟುತ್ತಿತ್ತು. ಚಿಹ್ನೆಯನ್ನು -= ಎಂದು ತಿರುಗಿಸಿ ಇದನ್ನು ಪರಿಹರಿಸಲಾಯಿತು. ಹಳೆಯ ರೂಪವನ್ನು ಸಂಕಲಕಗಳು ಸ್ವಲ್ಪ ಕಾಲ ಒಪ್ಪಿಕೊಳ್ಳುತ್ತಲೇ ಇದ್ದವು. ಇನ್ನೊಂದು ಕಡೆ ಫಲ ತಿರುಗುಮುರುಗಾಯಿತು. ತಾರ್ಕಿಕ ಸಂಯೋಜನೆಗೆ && ಎಂಬ ಹೊಸ ಚಿಹ್ನೆ ಬಂದಾಗ, ಹಳೆಯ & ಚಿಹ್ನೆಯ ಆದ್ಯತೆಯನ್ನು ಸರಿಪಡಿಸಬಹುದಿತ್ತು. ಬರೆದಿದ್ದ ಪ್ರೋಗ್ರಾಂಗಳು ಕೆಡುತ್ತವೆಂದು ಅದನ್ನು ಇದ್ದಂತೆಯೇ ಬಿಡಲಾಯಿತು. ಆಗ ಆ ಭಾಷೆ ಇದ್ದುದು ಬೆರಳೆಣಿಕೆಯ ಕಡೆ ಮಾತ್ರ. ಆ ತೊಡಕು ‘ಸಿ’ಯನ್ನು ಅನುಸರಿಸಿದ ಹಲವು ಭಾಷೆಗಳಿಗೂ ಹರಡಿ, ಕಲಿಯುವವರನ್ನು ಇಂದಿಗೂ ಕಾಡುತ್ತದೆ.

ಹೋಲಿಕೆಗೆ ಮಿತಿಯೂ ಇದೆ. ಸಂಕಲಕವು ನಿಯಮ ಮೀರಿದ ಸಾಲನ್ನು ತಳ್ಳಿಹಾಕಬಲ್ಲದು. ವ್ಯಾಕರಣಕಾರನಿಗೆ ಅಂತಹ ಅಧಿಕಾರವಿಲ್ಲ. ಕೇಶಿರಾಜನ ಅನಂತರದ ಷಟ್ಪದಿ ಕವಿಗಳು ಅವನ ೞಕಾರದ ಪಟ್ಟಿಯನ್ನು ಪಾಲಿಸಲಿಲ್ಲ.

ಅನಂತರದ ಪರಂಪರೆ

ಶಬ್ದಮಣಿದರ್ಪಣಕ್ಕೆ ನಿಷ್ಠೂರ ಸಂಜಯ್ಯನ ವ್ಯಾಖ್ಯಾನವಿದೆ. 1604ರಲ್ಲಿ ಭಟ್ಟಾಕಳಂಕದೇವನು ಸಂಸ್ಕೃತದಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸೂತ್ರಗಳಲ್ಲಿ ರಚಿಸಿದನು. ಶಾಸ್ತ್ರೀಯ ಬಿಗಿಯಲ್ಲಿ ಅದು ಮೇಲಾದರೂ ಕನ್ನಡ ಓದುಗರಲ್ಲಿ ಬಳಕೆಯಲ್ಲಿ ಉಳಿದದ್ದು ಕೇಶಿರಾಜನ ಗ್ರಂಥವೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರಂಥವು ಅಚ್ಚಿಗೆ ಬಂದಿತು. 1868ರಲ್ಲಿ ಬೆಂಗಳೂರಿನಲ್ಲಿ ಜೆ. ಗ್ಯಾರೆಟ್‌ರ ಆವೃತ್ತಿ, 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಫರ್ಡಿನಾಂಡ್ ಕಿಟೆಲ್‌ರ ಆವೃತ್ತಿ ಪ್ರಕಟವಾದವು. ಕಿಟೆಲ್‌ರು 1894ರ ತಮ್ಮ ನಿಘಂಟಿನಲ್ಲಿ ೞ ಮತ್ತು ಱಕಾರಗಳುಳ್ಳ ಪದಗಳನ್ನು ಬೇರೆಯಾಗಿಯೇ ತೋರಿಸಿದ್ದಾರೆ. 1903ರಲ್ಲಿ ಪ್ರಕಟವಾದ ಅವರ ಕನ್ನಡ ವ್ಯಾಕರಣಕ್ಕೂ ಶಬ್ದಮಣಿದರ್ಪಣವೇ ಮುಖ್ಯ ಆಧಾರ. ಇಪ್ಪತ್ತನೆಯ ಶತಮಾನದ ಆವೃತ್ತಿಗಳಲ್ಲಿ ಡಿ.ಎಲ್. ನರಸಿಂಹಾಚಾರ್ಯರದು ವಿದ್ವತ್ಪೂರ್ಣವಾದದ್ದು.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರಿಗೆ ೞಕಾರ ಇಂದಿಗೂ ಬೇಕಾದ ಅಕ್ಷರ. ಗಣಕದ ಅಕ್ಷರಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಆದರೆ ದಾಖಲಾತಿಯಲ್ಲಿ ತಪ್ಪಿ ‘ಫಾ’ ಎಂಬ ಅರ್ಥದ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ವ್ಯವಸ್ಥೆಯ ಸ್ಥಿರತೆಯ ನಿಯಮ, ಏಕೆಂದರೆ ಹಳೆಯ ತಂತ್ರಾಂಶಗಳು ಆ ಹೆಸರನ್ನು ನೆಚ್ಚಿಕೊಂಡಿರಬಹುದು. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಪರ್ಯಾಯನಾಮವನ್ನು ಅಧಿಕೃತವಾಗಿ ಸೇರಿಸಲಾಗಿದೆ.